ವೇತಾಳ ಟೇಕಡಿಯ ಕಾಕಾಗೆ

ಮಾರ್ಚಿನ ಒಂದು ಭಾನುವಾರ. ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಕೂತು ಕೂತು ತಲೆಕೆಟ್ಟು, ಸುಮ್ನೆ ಪುಣೆಯ ವೇತಾಳ ಟೇಕಡಿ ಅನ್ನೋ ಗುಡ್ಡ ಹತ್ತಿದೆ. ನೀರಿನ ಬಾಟಲಿಯನ್ನೂ ಒಯ್ದಿರಲಿಲ್ಲ, ಜಾಣತನ ನೋಡಿ! ಇಳಿಯುವಾಗ ಕಾಲು ಜಾರಿ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ನೆಲ ಕಾದಿತ್ತು, ತಲೆ ಗಿರ್ರೆನ್ನುತ್ತಿತ್ತು.

ಎರಡು ಕೈಯಲ್ಲಿ ಎರಡು ಕ್ಯಾನ್ ಹಿಡಿದು ನೀವು ಬಂದಿರಿ. ಏನೂ ಕೇಳದೆ ಮುಚ್ಚಳದಲ್ಲೇ ನೀರು ಕೊಟ್ಟಿರಿ. ಗಿಡ ಕಟ್ಟುವ ಸೆಣಬಿನ ದಾರವನ್ನು ಜೇಬಿನಿಂದ ತೆಗೆದು, ಹಲ್ಲಿನಲ್ಲಿ ಕಡಿದು, ಉಂಗುಷ್ಟ ಬಿಗಿದಿರಿ. ಅಮ್ಮನ ಫೋನ್ ಬಂತು. ನಾನು ಮಾತಾಡಿದ್ದು ಕೇಳಿ "ಯಾವೂರ್ರೀ?" ಅಂದಿರಿ. ನೀವು ಸೊಲ್ಲಾಪುರದವರಂತೆ. ಆ ಒಂದು ಮಾತಿಗೆ ನನಗೆ ಅಳು ಬಂತು. ನೀವು ಕಾಣದವರ ಹಾಗೆ ಕ್ಯಾನಿನ ಮುಚ್ಚಳ ತಿರುಗಿಸುತ್ತ ಕೂತಿರಿ.

ಆಮೇಲೆ ಒಂದು ಕ್ಯಾನ್ ನನ್ನ ಕೈಗಿಟ್ಟು, "ಆ ಮುತ್ತುಗಕ್ಕ ಹಾಕಿ ಬರ್ರಿ" ಅಂದಿರಿ. ಟೇಕಡಿ ತುಂಬ ಇರುವ ಗ್ಲಿರಿಸಿಡಿಯಾ ಮಧ್ಯ ಅಮೆರಿಕದ ಮರ, ಬೇಗ ಹಸಿರಾಗಲಿ ಅಂತ ನೆಟ್ಟದ್ದು ಅಂತ ನನಗೆ ಗೊತ್ತಾದದ್ದೇ ಅವತ್ತು. ಮುತ್ತುಗ ಇಲ್ಲಿಯದೇ, ಹೂ ಬಿಟ್ಟರೆ ಸೂರಕ್ಕಿ, ಮೈನಾ ಬರುತ್ತವೆ. ಮೊಣಕಾಲೆತ್ತರದ ಸಸಿ, ಒಂದೊಂದು ತೊಟ್ಟಿಗೆ ಮೂರು ಎಲೆ. ನೀರು ಗುಳುಗುಳು ಇಳಿಯಿತು. ಎರಡು ತಿಂಗಳಲ್ಲಿ ನಾನು ಪೂರ್ತಿ ಮಾಡಿದ ಮೊದಲ ಕೆಲಸ ಅದು.

ಹೆಸರು ಕೇಳುವುದೇ ಮರೆತೆ. ಈಗ ಭಾನುವಾರ ನಾವು ಆರು ಜನ ನೀರು ಹೊರುತ್ತೇವೆ, ಮೂವರು ಕನ್ನಡದವರು. ನೀವು ಮಾತ್ರ ಮತ್ತೆ ಸಿಕ್ಕಿಲ್ಲ.

ಧನ್ಯವಾದ ಕಾಕಾ. ಮುತ್ತುಗ ಹೊಸ ಎಲೆ ಬಿಟ್ಟಿದೆ. ಒಂದಕ್ಕೆ ಹುಳ ಹಿಡಿದಿದೆ, ಬಂದು ನೋಡಿ.