ಬೇಸಿಗೆ ರಜೆಯಲ್ಲಿ ಶಾಲೆಯ ಪುಸ್ತಕಗಳು ಪಂಚಾಯಿತಿ ಗ್ರಂಥಾಲಯಕ್ಕೆ ಬರಲಿ

ಮಾನ್ಯ ಸಂಪಾದಕರೇ,

ವಾರ್ಷಿಕ ಪರೀಕ್ಷೆ ಮುಗಿದು ಏಪ್ರಿಲ್ ಎರಡನೆಯ ವಾರದಲ್ಲಿ ಬಾಗಿಲು ಮುಚ್ಚುವ ನಮ್ಮ ಪ್ರಾಥಮಿಕ ಶಾಲೆಗಳು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಈ ಅವಧಿಯಲ್ಲಿ ನಗರದ ಅನುಕೂಲಸ್ಥರ ಮಕ್ಕಳಿಗೆ ಈಜು, ಚಿತ್ರಕಲೆ, ಚದುರಂಗದ ಶಿಬಿರಗಳಿವೆ. ಮೈಸೂರಿನ ರಂಗಾಯಣ ನಡೆಸುವ ಚಿಣ್ಣರ ಮೇಳದಂತಹ ಒಳ್ಳೆಯ ರಂಗ ಶಿಬಿರಗಳೂ ಇವೆ. ಆದರೆ ಹಳ್ಳಿಯ ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳ ಕೈಯಲ್ಲಿ ಈ ದಿನಗಳಲ್ಲಿ ಓದಲು ಒಂದು ಪುಸ್ತಕವೂ ಇರುವುದಿಲ್ಲ. ವರ್ಷದ ಕೊನೆಗೆ ಹಳೆಯ ಪಠ್ಯಪುಸ್ತಕಗಳನ್ನು ಪುಸ್ತಕ ಬ್ಯಾಂಕಿಗೆ ಹಿಂದಿರುಗಿಸುವ ಪದ್ಧತಿ ಹಲವು ಶಾಲೆಗಳಲ್ಲಿದೆ, ಹೊಸ ಪುಸ್ತಕಗಳು ಬರುವುದು ಶಾಲೆ ಆರಂಭವಾದ ಮೇಲೆ, ಕಥೆಪುಸ್ತಕಗಳಂತೂ ಶಾಲೆಯ ಬೀರುವಿನೊಳಗೇ ಉಳಿಯುತ್ತವೆ.

ಕಲಿತದ್ದನ್ನು ಬಳಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕೋವಿಡ್ ಕಾಲ ನಮಗೆ ಸ್ಪಷ್ಟವಾಗಿ ತೋರಿಸಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳ ನಡುವೆ 2021ರ ಜನವರಿಯಲ್ಲಿ ನಡೆಸಿದ ಅಧ್ಯಯನದಲ್ಲಿ, ಹಿಂದಿನ ತರಗತಿಯಲ್ಲಿ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ 92ರಷ್ಟು ಮಕ್ಕಳೂ, ಗಣಿತದ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ 82ರಷ್ಟು ಮಕ್ಕಳೂ ಕಳೆದುಕೊಂಡಿದ್ದು ಕಂಡುಬಂತು. ಹೊಸ ಪಾಠ ನಡೆಯಲಿಲ್ಲ ಎಂಬುದಷ್ಟೇ ಅಲ್ಲ, ಬರುತ್ತಿದ್ದದ್ದೂ ಮರೆತುಹೋಯಿತು ಎಂಬುದು ಈ ಅಂಕಿಗಳ ತಾತ್ಪರ್ಯ. ಆ ನಷ್ಟ ತುಂಬಲೆಂದೇ 2022ರಲ್ಲಿ ಸರ್ಕಾರ ಮೇ 16ಕ್ಕೆ ಶಾಲೆ ತೆರೆದು ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ನಡೆಸಬೇಕಾಯಿತು. ಏಳು ವಾರಗಳ ರಜೆಯನ್ನು ಆ ದೀರ್ಘ ಮುಚ್ಚುಗಡೆಗೆ ಸಮ ಎಂದು ನಾನು ಹೇಳುತ್ತಿಲ್ಲ. ಆದರೆ ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ ಆಗತಾನೇ ಓದು ಹತ್ತುತ್ತಿರುವ ಮಗುವಿಗೆ ಅದು ಸಣ್ಣ ಅವಧಿಯಲ್ಲ. ಜೂನ್ ತಿಂಗಳಲ್ಲಿ ಇಂತಹ ಮಕ್ಕಳಿಗೆ ಪಾಠ ಮಾಡಿದ ಯಾವ ಶಿಕ್ಷಕರನ್ನು ಬೇಕಾದರೂ ಕೇಳಿ: ಮಾರ್ಚ್‌ನಲ್ಲಿ ಸಲೀಸಾಗಿ ಓದುತ್ತಿದ್ದ ಮಗು ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತದೆ, ದಶಕ ಸಹಿತ ವ್ಯವಕಲನದಲ್ಲಿ ತಡವರಿಸುತ್ತದೆ, ಮೊದಲ ಕೆಲವು ವಾರಗಳು ಹಳೆಯದನ್ನು ಮರಳಿ ಕಲಿಸುವುದರಲ್ಲಿಯೇ ಕಳೆಯುತ್ತವೆ.

ಇದಕ್ಕೆ ರಜೆಯನ್ನು ಕಡಿತಗೊಳಿಸುವುದಾಗಲಿ, ಪಾಠವನ್ನು ಹತ್ತು ಸಲ ನಕಲು ಮಾಡಿ ತರುವಂತಹ ಮನೆಗೆಲಸ ಕೊಡುವುದಾಗಲಿ ಪರಿಹಾರವಲ್ಲ. ಮಕ್ಕಳಿಗೆ ಅಜ್ಜಿಯ ಊರು ಬೇಕು, ಮಾವಿನ ತೋಪು ಬೇಕು, ಹೊತ್ತು ಮುಳುಗುವವರೆಗೆ ಆಡಲು ಬಯಲು ಬೇಕು. ಅದರ ಜೊತೆಗೆ ದಿನಕ್ಕೊಂದೆರಡು ತಾಸು ಕುಳಿತು ಓದಲು ನೆರಳಿರುವ ಒಂದು ಜಾಗ ಮತ್ತು ಒಂದಿಷ್ಟು ಹೊಸ ಪುಸ್ತಕಗಳು ಇದ್ದರೆ ಸಾಕು. ಆ ಜಾಗವನ್ನು ನಾವು ಹೊಸದಾಗಿ ಕಟ್ಟಬೇಕಾಗಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನದಲ್ಲಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ಅನೇಕ ಕಡೆ ಇವು ಬಣ್ಣ ಬಳಿಸಿಕೊಂಡು, ಕಂಪ್ಯೂಟರ್ ಕಂಡು, ನಿಜಕ್ಕೂ ಚೆಂದವಾಗಿವೆ. ಆದರೆ ಎಳೆಯ ಓದುಗರಿಗೆ ಬೇಕಾದ, ಪುಟಕ್ಕೆರಡು ಸಾಲು ಇರುವ ಚಿತ್ರಪುಸ್ತಕಗಳು ಅಲ್ಲಿ ಬೇಗ ಮುಗಿದುಹೋಗುತ್ತವೆ, ಮತ್ತು ಅಂತಹ ಪುಸ್ತಕಗಳು ಅದೇ ಊರಿನ ಶಾಲೆಯ ಬೀರುವಿನಲ್ಲಿ ಬೀಗದೊಳಗಿರುತ್ತವೆ.

ಹೀಗಾಗಿ ನನ್ನ ಮನವಿ ಇಷ್ಟು. ರಜೆ ಆರಂಭವಾಗುವ ಮುನ್ನ ಪ್ರತಿ ಶಾಲೆಯೂ ತನ್ನ ಗ್ರಂಥಾಲಯದ ಮಕ್ಕಳ ಪುಸ್ತಕಗಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಎರಡು ತಿಂಗಳ ಮಟ್ಟಿಗೆ ಒಪ್ಪಿಸುವಂತೆ ಶಿಕ್ಷಣ ಇಲಾಖೆ ಮತ್ತು ಪಂಚಾಯತ್ ರಾಜ್ ಇಲಾಖೆಗಳು ಜಂಟಿ ಸುತ್ತೋಲೆ ಹೊರಡಿಸಬೇಕು. ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮಕ್ಕೆ ಹೇಗೂ ಅವರು ಬಂದಿರುತ್ತಾರೆ; ಅಂದೇ ಅವರ ಎದುರಿಗೆ ಈ ಹಸ್ತಾಂತರ ನಡೆದರೆ ಮಗುವನ್ನು ಎಲ್ಲಿಗೆ ಕಳಿಸಬೇಕೆಂಬುದು ಅವರಿಗೂ ತಿಳಿಯುತ್ತದೆ.

ಸಮಯದ ವಿಷಯದಲ್ಲಿ ಸ್ಥಳೀಯ ವಿವೇಚನೆ ಅಗತ್ಯ. ಕಲಬುರಗಿ, ರಾಯಚೂರು, ಯಾದಗಿರಿಯಂತಹ ಜಿಲ್ಲೆಗಳಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಾಗ, ಮಕ್ಕಳ ಓದಿನ ಹೊತ್ತು ಬೆಳಗಿನ ಏಳೂವರೆಗೆ ಆರಂಭವಾಗುವುದು ಸೂಕ್ತ. ತಾಯಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದಾಗ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಹಿರಿಯ ಹೆಣ್ಣುಮಗಳ ಮೇಲೆ ಬೀಳುತ್ತದೆ. ಅವಳು ಚಿಕ್ಕವರನ್ನು ಕಂಕುಳಲ್ಲಿಟ್ಟುಕೊಂಡು ಬಂದರೂ ಗ್ರಂಥಾಲಯ ಅವಳನ್ನು ಒಳಗೆ ಕರೆದುಕೊಳ್ಳಬೇಕು. ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ ಇರುವ ಊರುಗಳಲ್ಲಿ ಅದರ ಸಮಯವನ್ನು ಓದಿನ ಹೊತ್ತಿಗೆ ಹೊಂದಿಸಬಹುದು. ಇನ್ನು ಗುಳೆ ಹೋಗುವ ಕುಟುಂಬಗಳ ಮಕ್ಕಳು ಬೆಂಗಳೂರಿನ ಕಟ್ಟಡದ ಕೆಲಸದ ಜಾಗಗಳಲ್ಲಿರುತ್ತಾರೆ. ಊರಿನ ಗ್ರಂಥಾಲಯ ಅವರಿಗೆ ಎಟುಕುವುದಿಲ್ಲವಾದ್ದರಿಂದ, ಹೊರಡುವ ಮುನ್ನ ಅವರ ಕೈಗೆ ಎರಡು ಮೂರು ಪುಸ್ತಕ ಕೊಟ್ಟು ಕಳಿಸುವುದು ಕನಿಷ್ಠ ಕರ್ತವ್ಯ. ಊಟದ ಪ್ರಶ್ನೆಯೂ ಇದೆ. ಬರಗಾಲದ 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಸರ್ಕಾರ ವ್ಯವಸ್ಥೆ ಮಾಡಿತ್ತು. ಓದು ಮುಗಿಸಿದ ಮಕ್ಕಳು ನೇರವಾಗಿ ಊಟಕ್ಕೆ ಹೋಗುವಂತಾದರೆ ಹಾಜರಾತಿಗೆ ಬೇರೆ ಪ್ರಯತ್ನ ಬೇಕಾಗಲಾರದು.

ಈ ಸಲಹೆಗೆ ಅಡ್ಡಿಯಾಗುವುದು ಹಣದ ಕೊರತೆಯಲ್ಲ, ದಾಸ್ತಾನು ವಹಿಯ ಭಯ. ಪುಸ್ತಕ ಹರಿದರೆ ಅಥವಾ ಕಳೆದರೆ ಲೆಕ್ಕಪರಿಶೋಧನೆಯಲ್ಲಿ ಮುಖ್ಯ ಶಿಕ್ಷಕರು ಉತ್ತರಿಸಬೇಕಾಗುತ್ತದೆ ಎಂಬ ಅಂಜಿಕೆಯಿಂದಲೇ ಬೀರುಗಳ ಬೀಗ ತೆರೆಯುವುದಿಲ್ಲ. ಪ್ರಾಮಾಣಿಕ ಶಿಕ್ಷಕರನ್ನೂ ಈ ಅಂಜಿಕೆ ಕಟ್ಟಿಹಾಕಿದೆ. ಆದ್ದರಿಂದ ಮುಖ್ಯ ಶಿಕ್ಷಕರು ಮತ್ತು ಗ್ರಂಥಾಲಯ ಮೇಲ್ವಿಚಾರಕರು ಇಬ್ಬರೂ ಸಹಿ ಮಾಡಿದ ಪಟ್ಟಿಯೊಂದನ್ನು ಇಟ್ಟುಕೊಂಡರೆ ಸಾಕೆಂದೂ, ಮಕ್ಕಳು ಓದಿ ಸವೆದ ಪುಸ್ತಕಗಳನ್ನು ಯಾರ ಮೇಲೂ ವಸೂಲಿ ಹೊರಿಸದೆ ದಾಸ್ತಾನಿನಿಂದ ತೆಗೆದುಹಾಕಬಹುದೆಂದೂ ಆ ಸುತ್ತೋಲೆಯಲ್ಲಿಯೇ ಬರೆದಿರಬೇಕು. ಬೇಸಿಗೆಯ ಹೆಚ್ಚುವರಿ ಹೊತ್ತಿಗೆ ಮೇಲ್ವಿಚಾರಕರಿಗೆ ಪ್ರತ್ಯೇಕ ಗೌರವಧನ ನಿಗದಿಯಾಗಬೇಕು. ಈ ಆದೇಶ ಮಾರ್ಚ್ ಮುಗಿಯುವುದರೊಳಗೆ ಶಾಲೆಗಳಿಗೆ ತಲುಪದಿದ್ದರೆ, ಫಲಿತಾಂಶ ಪ್ರಕಟವಾದ ದಿನವೇ ಶಿಕ್ಷಕರೂ ಮಕ್ಕಳೂ ಚದುರಿಹೋಗುವುದರಿಂದ, ಆ ವರ್ಷದ ಮಟ್ಟಿಗೆ ಅದರಿಂದ ಪ್ರಯೋಜನವಾಗುವುದಿಲ್ಲ.

ಇತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ಲಿಂಗಸುಗೂರು, ರಾಯಚೂರು ಜಿಲ್ಲೆ