ಟ್ರಾಮು ಡಿಪೋ ಬಿಡದ ದಿನ

ಚಿರಂಜೀವಿ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಕಳೆದ ವರ್ಷ ಆಮ್‌ಸ್ಟರ್‌ಡ್ಯಾಮಿಗೆ ಬಂದಿದ್ದಾಗ ಪ್ಲಾಂಟೇಜ್ ಮಿಡನ್‌ಲಾನ್ ಬೀದಿಯಲ್ಲಿ ನೀನು ತೋರಿಸಿದ ಹಳೆಯ ನಾಟಕಶಾಲೆ ಇನ್ನೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ಆ ನಗರದ ಯುದ್ಧಕಾಲದ ಚರಿತ್ರೆಯನ್ನು ಓದುತ್ತಿದ್ದೇನೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ದುಡಿದವನಾದ್ದರಿಂದ ಮನಸ್ಸು ಟ್ರಾಮುಗಳ ಕಡೆಗೇ ಹೋಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಆ ನಗರ ನಾಜಿ ಜರ್ಮನಿಯ ವಶದಲ್ಲಿತ್ತು. 1941ರ ಫೆಬ್ರುವರಿ 22 ಮತ್ತು 23ರಂದು ಜರ್ಮನ್ ಪೊಲೀಸರು ಯಹೂದಿಗಳ ಕೇರಿಗೆ ನುಗ್ಗಿ ನಾನೂರರಷ್ಟು ತರುಣರನ್ನು ಹಿಡಿದೊಯ್ದರು. ಮರುಸಂಜೆ ನೋರ್ಡರ್‌ಮಾರ್ಕ್ಟ್ ಚೌಕದಲ್ಲಿ ಕಾರ್ಮಿಕರು ಸೇರಿದರು. ಮುಷ್ಕರಕ್ಕೆ ಕರೆಕೊಟ್ಟ ಪೀಟ್ ನಾಕ್ ಮತ್ತು ವಿಲ್ಲೆಮ್ ಕ್ರಾನ್ ಇಬ್ಬರೂ ನಗರಪಾಲಿಕೆಯ ಸಾಮಾನ್ಯ ಕೆಲಸಗಾರರು. 25ರ ಮುಂಜಾನೆ ಬಹುಪಾಲು ಟ್ರಾಮುಗಳು ಹೊರಡಲಿಲ್ಲ. ಮೊದಲ ಗಾಡಿ ಬಾರದಿದ್ದರೆ ಊರಿಗೆ ಸುದ್ದಿ ತಾನಾಗಿ ಮುಟ್ಟುತ್ತದೆಂಬುದನ್ನು ನಾನು ಬಲ್ಲೆ. ಹಡಗುಕಟ್ಟೆಗಳೂ ಅಂಗಡಿಗಳೂ ಕಚೇರಿಗಳೂ ನಿಂತುಹೋದವು. ಯಹೂದಿಗಳಲ್ಲದ ಜನ ತಮ್ಮ ನೆರೆಹೊರೆಯವರಿಗಾಗಿ ಕೂಲಿ ಬಿಟ್ಟು ಬೀದಿಗಿಳಿದರು. ಎರಡನೆಯ ದಿನ ಸೇನೆ ಗುಂಡು ಹಾರಿಸಿ ಮುಷ್ಕರವನ್ನು ಮುರಿಯಿತು.

ಆಮೇಲಿನ ಹೋರಾಟ ಗುಟ್ಟಾಗಿ ನಡೆಯಿತು. ನೀನು ತೋರಿಸಿದ ನಾಟಕಶಾಲೆಯಲ್ಲಿ ನಾಜಿ ಶಿಬಿರಗಳಿಗೆ ಸಾಗಿಸಬೇಕಾದ ಯಹೂದಿಗಳನ್ನು ಕೂಡಿಹಾಕಿ, ಅವರ ಮಕ್ಕಳನ್ನು ಎದುರಿನ ಶಿಶುವಿಹಾರದಲ್ಲಿ ಇರಿಸುತ್ತಿದ್ದರು. ಟ್ರಾಮು ಬಂದು ನಡುವೆ ನಿಂತರೆ ಕಾವಲುಗಾರರಿಗೆ ಶಿಶುವಿಹಾರದ ಬಾಗಿಲು ಮರೆಯಾಗುತ್ತಿತ್ತು. ಅಷ್ಟೇ ಹೊತ್ತಿನಲ್ಲಿ ದಾದಿಯರು ಮಗುವನ್ನು ಎತ್ತಿಕೊಂಡು ಹೊರಬಿದ್ದು, ಟ್ರಾಮಿನ ಮರೆಯಲ್ಲೇ ನಡೆದುಬಿಡುತ್ತಿದ್ದರು. ಲೆಕ್ಕ ತಪ್ಪಿದ್ದು ಗೊತ್ತಾಗದಂತೆ ಅಲ್ಲಿನ ಆಡಳಿತ ನೋಡಿಕೊಳ್ಳುತ್ತಿದ್ದ ಯಹೂದಿ ವಾಲ್ಟರ್ ಸ್ಯೂಸ್ಕಿಂಡ್ ನಾಟಕಶಾಲೆಯ ದಾಖಲೆಯಿಂದ ಆ ಹೆಸರುಗಳನ್ನು ಅಳಿಸುತ್ತಿದ್ದರು. ಹೀಗೆ ಸುಮಾರು 600 ಮಕ್ಕಳು ಉಳಿದರು. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್ ಮಾತ್ರ ಉಳಿಯಲಿಲ್ಲ. 1943ರಲ್ಲಿ ಅವರನ್ನು ನಾಜಿಗಳ ಸಾವಿನ ಶಿಬಿರವಾದ ಔಶ್ವಿಟ್ಸ್‌ನಲ್ಲಿ ಕೊಂದರು.

ಆದರೆ ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. 1942ರಿಂದ ಅದೇ ನಗರದ ಟ್ರಾಮುಗಳು ರಾತ್ರಿ ಹೊತ್ತು ಸಾವಿರಾರು ಯಹೂದಿಗಳನ್ನು ರೈಲು ನಿಲ್ದಾಣಕ್ಕೆ ಸಾಗಿಸಿದವು, ಅದಕ್ಕೆ ಬಾಡಿಗೆಯನ್ನೂ ಪಡೆದವು. ಹಿಂದಿನ ವರ್ಷ ಗಾಡಿ ತೆಗೆಯದ ಚಾಲಕರಲ್ಲಿ ಕೆಲವರಾದರೂ ಆ ರಾತ್ರಿಗಳಲ್ಲಿ ಗಾಡಿ ಓಡಿಸಿರಬೇಕು. ಗುಂಡಿನ ಭಯ ಎಂಥದೆಂದು ಮನೆಯಲ್ಲಿ ಹೆಂಡತಿ ಮಕ್ಕಳಿದ್ದವನಿಗೆ ಅರ್ಥವಾಗುತ್ತದೆ. ಹಾಗೆಂದು ಅದನ್ನು ಸರಿಯೆನ್ನಲು ನನ್ನಿಂದ ಆಗುತ್ತಿಲ್ಲ.

ಬರುವ ಫೆಬ್ರುವರಿ 25ರಂದು ಆ ಮುಷ್ಕರದ ನೆನಪಿಗೆ ನಿಲ್ಲಿಸಿದ ಹಡಗುಕಟ್ಟೆಯ ಕಾರ್ಮಿಕನ ಪ್ರತಿಮೆಯ ಬಳಿ ಜನ ಸೇರುವಾಗ ನನ್ನ ಪರವಾಗಿ ಒಂದು ಹೂವಿಡು, ಮಗಳೇ. ಮರಳುವಾಗ ಶಿಶುವಿಹಾರವಿದ್ದ ಜಾಗದೆದುರು ಒಂದು ಟ್ರಾಮು ಹಾದುಹೋಗುವವರೆಗೆ ನಿಂತು ನೋಡು. ಆ ಮರೆ ಎಷ್ಟು ಹೊತ್ತು ಇರುತ್ತದೆಂದು ನನಗೆ ಬರೆ.

ಇಂತಿ,
ನಿನ್ನ ಅಪ್ಪ