ಗೋಲಾದ ಮೇಲೆ ಡಿಫೆನ್ಸ್‌ಮನ್‌ನನ್ನು ಬೈಯುವ ಮುನ್ನ

ಪ್ರೀತಿಯ ಪುಟ್ಟಿ,

ಐಸ್ ಹಾಕಿಯ ನಿನ್ನ ಮೆಚ್ಚಿನ ಡಿಫೆನ್ಸ್‌ಮನ್ (ಹಿಂದೆ ನಿಂತು ತಡೆಯುವ ಆಟಗಾರ) ಮೇಲೆ ನಿನಗೆ ಸಿಟ್ಟು. ಎದುರಾಳಿಗಳು ಇಬ್ಬರು ನುಗ್ಗಿ ಬಂದರು, ತಡೆಯಲು ಅವನೊಬ್ಬನೇ ಇದ್ದ. ಪಕ್ (ಆಡುವ ರಬ್ಬರ್ ಬಿಲ್ಲೆ) ಇದ್ದವನ ಮೇಲೆ ಬೀಳದೆ ನಡುವೆ ಹಿಂದಕ್ಕೆ ಜಾರಿದ, ಗೋಲಾಯಿತು. ಆದರೆ ಅವನು ಮಾಡಿದ್ದೇ ಸರಿ. ಆಗ ಅವನ ಮೊದಲ ಕೆಲಸ ಪಾಸ್ ತಡೆಯುವುದು. ಪಾಸ್ ದಾಟಿಬಿಟ್ಟರೆ ಗೋಲಿ (ಗೋಲ್‌ಕೀಪರ್) ಒಂದು ಕಂಬದಿಂದ ಇನ್ನೊಂದಕ್ಕೆ ಜಾರಬೇಕು, ಅಷ್ಟರಲ್ಲಿ ಅರ್ಧ ಬಲೆ ಖಾಲಿ. ಪಾಸಿನ ದಾರಿಗೆ ಕೋಲು ಚಾಚಿ ಹೊಡೆತವನ್ನು ಗೋಲಿಗೆ ಬಿಟ್ಟರೆ, ಕನಿಷ್ಠ ಗೋಲಿ ನೇರ ನಿಂತು ಎದುರಿಸಬಹುದು.

ತಪ್ಪು ಹುಡುಕಬೇಕಾದರೆ ಐದಾರು ಸೆಕೆಂಡು ಹಿಂದಕ್ಕೆ ಹೋಗು. ಜೊತೆಗಾರ ಪಕ್ ಉಳಿಸಿಕೊಳ್ಳಲು ಎದುರಾಳಿಯ ಬ್ಲೂ ಲೈನ್ (ಅವರ ವಲಯದ ಗಡಿಗೆರೆ) ಬಿಟ್ಟು ಮುಂದೆ ನುಗ್ಗಿರುತ್ತಾನೆ, ಅವನ ಜಾಗ ತುಂಬಬೇಕಾದ ಫಾರ್ವರ್ಡ್ ಮರೆತಿರುತ್ತಾನೆ. ಟಿವಿಯ ರೀಪ್ಲೇ ತೋರಿಸುವುದು ಕೊನೆಯವನನ್ನು ಮಾತ್ರ.

ಅಂಕಿಗಳ ವಿಷಯದಲ್ಲೂ ಅಭಿಮಾನಿಗಳು ಅನ್ಯಾಯ ಮಾಡುತ್ತಾರೆ. 2024-25ರಲ್ಲಿ ಎನ್‌ಎಚ್‌ಎಲ್ ಲೀಗಿನ ಡಿಫೆನ್ಸ್‌ಮನ್ ಕೇಲ್ ಮಕಾರ್ 30 ಗೋಲು, 92 ಪಾಯಿಂಟ್ (ಗೋಲು, ಗೋಲಾಗಲು ಕೊಟ್ಟ ಪಾಸ್ ಎರಡೂ ಸೇರಿ) ಗಳಿಸಿದ. ಅದನ್ನು ಕಂಡವರು ಪ್ರತಿ ತಂಡದ ಮೊದಲ ಡಿಫೆನ್ಸ್‌ಮನ್‌ನಿಂದಲೂ ಅಷ್ಟೇ ಕೇಳುತ್ತಾರೆ, ಮೇಲೆ ಒಂದು ತಪ್ಪೂ ಆಗಬಾರದು ಅನ್ನುತ್ತಾರೆ. 2022-23ರಲ್ಲಿ ಎರಿಕ್ ಕಾರ್ಲ್‌ಸನ್ 101 ಪಾಯಿಂಟ್ ಗಳಿಸಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದ, ಪ್ಲಸ್-ಮೈನಸ್ (ಅವನು ಕಣದಲ್ಲಿದ್ದಾಗ ತಂಡ ಹೊಡೆದ ಗೋಲಿಗೆ ಪ್ಲಸ್, ತಿಂದದ್ದಕ್ಕೆ ಮೈನಸ್) ಮಾತ್ರ ಮೈನಸ್ 26. ಅವನ ತಂಡ ಸ್ಯಾನ್ ಹೊಸೆ ಶಾರ್ಕ್ಸ್ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 22. ಪವರ್ ಪ್ಲೇಯಲ್ಲಿ (ಶಿಕ್ಷೆಯಿಂದ ಎದುರಾಳಿಗೆ ಆಟಗಾರ ಕಡಿಮೆ ಇರುವಾಗ) ಗೋಲು ಹೊಡೆದರೆ ಪ್ಲಸ್ ಸಿಗುವುದಿಲ್ಲ. ಸೋಲುತ್ತಿರುವಾಗ ಗೋಲ್‌ಕೀಪರ್‌ನನ್ನು ಹೊರಗೆ ಕರೆದು ಬದಲಿಗೆ ಇನ್ನೊಬ್ಬ ಆಟಗಾರನನ್ನು ಇಳಿಸಿದರೆ, ಖಾಲಿ ಬಲೆಗೆ ಗೋಲು ಬಿದ್ದಾಗ ಮೈನಸ್ ಬೀಳುತ್ತದೆ, ಆಗ ಕಣದಲ್ಲಿರುವುದು ಇಂಥ ಆಟಗಾರರೇ. ಇನ್ನೊಂದು ತುದಿಯಲ್ಲಿ ರಾಡ್ ಲ್ಯಾಂಗ್‌ವೇ ಇದ್ದಾನೆ: 1982-83ರಲ್ಲಿ ಬರೀ 3 ಗೋಲು, 32 ಪಾಯಿಂಟ್, ಆದರೂ ನಾರಿಸ್ ಅವನದೇ. ಇಬ್ಬರೂ ಶ್ರೇಷ್ಠರೇ. ಒಬ್ಬನಲ್ಲೇ ಇಬ್ಬರನ್ನೂ ಹುಡುಕುವುದು ತಪ್ಪು.

ದಣಿವಿನ ಲೆಕ್ಕವೂ ಇರಲಿ. 60 ನಿಮಿಷದ ಆಟದಲ್ಲಿ ಆರು ಡಿಫೆನ್ಸ್‌ಮನ್ನರು ಒಮ್ಮೆಗೆ ಇಬ್ಬರಂತೆ ಸಮನಾಗಿ ಹಂಚಿಕೊಂಡರೆ ತಲಾ 20 ನಿಮಿಷ. ಮೊದಲ ಜೋಡಿಯವರು ಸುಮಾರು 25 ನಿಮಿಷ ಆಡುತ್ತಾರೆ, ಅದೂ ಬಹುಪಾಲು ಎದುರಾಳಿಯ ಅತ್ಯುತ್ತಮ ಸಾಲಿನ ಎದುರು. ಒಂದು ಶಿಫ್ಟ್ (ಒಮ್ಮೆ ಕಣಕ್ಕಿಳಿದು ಹೊರಬರುವವರೆಗಿನ ಆಟ) 45 ಸೆಕೆಂಡಿನ ಆಸುಪಾಸು. ತಂಡ ತನ್ನ ವಲಯದಲ್ಲೇ ಸಿಕ್ಕಿಕೊಂಡರೆ ಅದು ಒಂದೂವರೆ ನಿಮಿಷ ದಾಟಬಹುದು. ಕಾಲು ಸೋತು ಅಂತರ ಹೆಚ್ಚುವುದು, ಕೋಲು ತಡವಾಗುವುದು ಆಗಲೇ.

ಮುಂದಿನ ಪಂದ್ಯದಲ್ಲಿ ಅವನ ಮೂರು ಶಿಫ್ಟ್ ಮಾತ್ರ ನೋಡು, ಪಕ್ ನೋಡಬೇಡ. ಮೂಲೆಗೆ ಎಸೆದ ಪಕ್ ತರಲು ಹೋಗುವಾಗ ಮುಟ್ಟುವ ಮೊದಲೇ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾನಾ? ಎದುರಾಳಿ ಬ್ಲೂ ಲೈನ್ ದಾಟುವಾಗ ನಡುವಿನ ಅಂತರ ಒಂದು ಕೋಲಿನಷ್ಟಿದೆಯಾ? ಮೊದಲ ಪಾಸ್ ಜೊತೆಗಾರನ ಕೋಲಿಗೇ ತಲುಪಿತಾ? ಎಣಿಸಿ ಬರೆದು ಕಳಿಸು.

ನಿನ್ನ,
ಅಮ್ಮ